ಸೂಜಿಮಲ್ಲಿಗೆಗೆ ಕಳ್ಳರು ಬೇಕಾಗಿದ್ದಾರೆ

ನಮ್ಮ ಮಾವನಿಗೆ ದೇವರಲ್ಲಿ ನಂಬಿಕೆ ಇಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ನಂಬಿಕೆ ಇದೆ, ಬೇಕಾದಷ್ಟಿದೆ. ಇಲ್ಲದಿರುವುದು ದೇವರಿಗೂ ಅವರಿಗೂ ನಡುವೆ ನಿಂತಿರುವ ಅರ್ಚಕರ ಮೇಲೆ! ಶನಿವಾರ ಆಂಜನೇಯನ ಗುಡಿಗೆ ಹೊರಟರೆಂದರೆ ತೆಂಗಿನಕಾಯಿಯ ಬುಡಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿಕೊಂಡೇ ಹೋಗುತ್ತಾರೆ. ಅರ್ಚಕರು ಒಡೆದು ಕೊಟ್ಟ ಹೋಳನ್ನು ಕಣ್ಣಿಗೊತ್ತಿಕೊಳ್ಳುವ ಮೊದಲು ಅದನ್ನು ತಿರುಗಿಸಿ ಗುರುತು ಹುಡುಕುತ್ತಾರೆ. ಒಮ್ಮೆ ಗುರುತಿಲ್ಲದ ಹೋಳು ಬಂತು. ಇವರು ಕೊಟ್ಟದ್ದು ಎಳಸು, ಬಂದದ್ದು ಒಳ್ಳೆ ಬಲಿತ ಕಾಯಿ. ಬೇರೆ ಯಾರಾದರೂ ಆಗಿದ್ದರೆ ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಬರುತ್ತಿದ್ದರು. ಮಾವ ಮತ್ತೆ ಸಾಲಿನಲ್ಲಿ ನಿಂತು, ಅದನ್ನು ವಾಪಸು ಕೊಟ್ಟು, ತಮ್ಮ ಎಳಸು ಹೋಳನ್ನೇ ಹುಡುಕಿಸಿ ತಂದರು. ಯಾಕೆ ಮಾವ ಎಂದರೆ, ಸುಮ್ಮಸುಮ್ಮನೆ ಯಾಕೆ ಲಾಭ ಮಾಡಿಕೊಟ್ಟ ಅಂತ ಅನುಮಾನ ಬಂತು ಎಂದರು.

ಇವರು ನನ್ನ ತಾಯಿಯ ಅಣ್ಣ. ಹುಟ್ಟುತ್ತಲೇ ಹೀಗಿದ್ದರು ಎನ್ನುವಂತಿಲ್ಲ. ತಪ್ಪೆಲ್ಲ ಪೀಣ್ಯದ್ದು. ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಮಾವ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದರು. ಲೇತ್ ಯಂತ್ರದಿಂದ ಇಳಿದು ಬಂದ ಪ್ರತಿಯೊಂದು ಬೋಲ್ಟನ್ನೂ ವರ್ನಿಯರ್ ಎಂಬ ಉಕ್ಕಿನ ಅಳತೆಗೋಲಿನ ಬಾಯಿಗೆ ಸಿಕ್ಕಿಸಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ 'ರಿಜೆಕ್ಟ್' ಎಂದು ಕೆಂಪು ಡಬ್ಬಕ್ಕೆ ಎಸೆಯುವುದು ಅವರ ಕೆಲಸ. ಎಲ್ಲದರಲ್ಲೂ ತಪ್ಪಿರುತ್ತದೆ, ಕಣ್ಣಿಗೆ ಕಾಣುವ ತನಕ ಹುಡುಕಬೇಕು ಅಷ್ಟೆ ಎಂಬುದಕ್ಕೆ ಸಂಬಳ ಕೊಟ್ಟು ಸಾಕಿದರೆ ಮನುಷ್ಯ ಇನ್ನೇನಾದಾನು? ರಿಟೈರ್ ಆದ ದಿನ ಫ್ಯಾಕ್ಟರಿಯವರು ಹಾರ ಹಾಕಿ, ಶಾಲು ಹೊದಿಸಿ, ಆ ವರ್ನಿಯರನ್ನೇ ನೆನಪಿಗೆಂದು ಕೊಟ್ಟು ಕಳಿಸಿಬಿಟ್ಟರು. ಆಮೇಲಿನ ಕಷ್ಟ ನಮ್ಮದು.

ಅದಕ್ಕೂ ಮುಂಚೆಯೇ ನನ್ನ ಕಷ್ಟ ಶುರುವಾಗಿತ್ತೆನ್ನಿ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಎಲ್ಲರೂ ಹುಡುಗನ ಮುಖ ನೋಡುತ್ತಿದ್ದರೆ ಮಾವ ಹೊರಗೆ ಹೋಗಿ ಹುಡುಗನ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಳಗೆ ಬಂದವರೇ ನಮ್ಮಮ್ಮನ ಕಿವಿಯಲ್ಲಿ, ಟೈರು ಎಡಗಡೆಯೇ ಜಾಸ್ತಿ ಸವೆದಿದೆ, ಮನುಷ್ಯ ನೆಟ್ಟಗಿಲ್ಲ ಎಂದು ಉಸುರಿದರು. ಉಸುರಿದ್ದು ಅಡುಗೆಮನೆಯಲ್ಲಾದರೂ ಕೇಳಿದ್ದು ಇಡೀ ಹಾಲಿಗೆ. ಮದುವೆ ನಡೆಯಿತು, ಮಕ್ಕಳೂ ದೊಡ್ಡವರಾದರು. ನನ್ನ ಗಂಡ ಇವತ್ತಿಗೂ ಮಾವನ ಮನೆಗೆ ಬಸ್ಸಿನಲ್ಲೇ ಬರುತ್ತಾರೆ.

ಇಷ್ಟೆಲ್ಲ ಅನುಮಾನವನ್ನು ಮಾವ ಊರ ಮೇಲೆ ಹಂಚಿಬಿಟ್ಟಿದ್ದರು ನಿಜ, ಆದರೆ ಅದರ ಸಿಂಹಪಾಲು ಸಲ್ಲುತ್ತಿದ್ದುದು ಒಂದು ಗಿಡದ ಸುತ್ತ ಸುಳಿಯುವವರಿಗೆ. ಪೀಣ್ಯ ಎರಡನೇ ಹಂತದ ಹಿಂದೆ, ಒಂದು ಮನೆ ಒಂದು ವರ್ಕ್‌ಶಾಪು ಎಂಬಂತಿರುವ ಬೀದಿಯಲ್ಲಿ ಮಾವನ ಮನೆ. ಅದರ ಕಾಂಪೌಂಡಿನ ಮೇಲೆ ಕವುಚಿ ಬಿದ್ದಿತ್ತು ಸೂಜಿಮಲ್ಲಿಗೆ. ಯಾವ ಕಾಲಕ್ಕೆ ಹೋದರೂ ಹಸಿರು. ಒಳಗೆ ಕೈ ಹಾಕಿದರೆ ಮಾತ್ರ ತಂತಿಯಂಥ ಕಡ್ಡಿಗಳು ಒಂದಕ್ಕೊಂದು ಹೊಸೆದುಕೊಂಡು, ಎಲ್ಲಿ ಶುರು ಎಲ್ಲಿ ಕೊನೆ ಆ ಬ್ರಹ್ಮನಿಗೂ ತಿಳಿಯದು. ಸಾಯಂಕಾಲ ಮೊಗ್ಗು ಬಿರಿದರೆ ಪಕ್ಕದ ವರ್ಕ್‌ಶಾಪಿನ ಎಣ್ಣೆ ವಾಸನೆ ಬಾಲ ಮುದುರಿಕೊಂಡು ಹೋಗುತ್ತಿತ್ತು.

ಗಿಡ ಅತ್ತೆಯದು, ಅಂದರೆ ಮಾವನ ಹೆಂಡತಿಯದು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅತ್ತೆ ಕದ್ದದ್ದು! ದಾಸರಹಳ್ಳಿಯ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬರುವ ದಿನ, ಮಾಲೀಕರ ಅಂಗಳದ ಬಳ್ಳಿಯಿಂದ ಒಂದು ಕಡ್ಡಿ ಮುರಿದು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಲಾರಿ ಹತ್ತಿದ್ದರಂತೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದು ಮಾವ ದಾರಿಯುದ್ದಕ್ಕೂ ಹಾರಾಡಿದರಂತೆ. ಕೊಟ್ಟಿರೋರು, ಆದರೆ ಕೊಟ್ಟ ಗಿಡ ಚಿಗುರೋದಿಲ್ಲ, ಕದ್ದ ಗಿಡವೇ ಚಿಗುರೋದು ಎಂಬುದು ಅತ್ತೆಯ ವಾದ. ಈ ಮಾತು ನೀವೂ ಕೇಳಿರುತ್ತೀರಿ. ನಮ್ಮ ಕಡೆ ಹೆಂಗಸರಲ್ಲಿ ಇದು ವೇದವಾಕ್ಯ. ದಾಸವಾಳವಾಗಲಿ, ದೊಡ್ಡಪತ್ರೆಯಾಗಲಿ, ಎಷ್ಟೇ ಬೇಕಾದವರ ಮನೆಯಾದರೂ ಕಣ್ಣು ತಪ್ಪಿಸಿಯೇ ಮುರಿದು ತರಬೇಕು. ತಂದ ಮೇಲೆ 'ಥ್ಯಾಂಕ್ಸ್' ಅಂದರಂತೂ ಗಿಡ ಅಲ್ಲೇ ಗೊಟಕ್! ಬೋಲ್ಟು ಬಿಟ್ಟರೆ ಬೇರೆ ಶಾಸ್ತ್ರ ತಿಳಿಯದ ಮಾವ ಇದನ್ನು ಮೌಢ್ಯ ಎಂದರು. ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬೇರು ಬಿಟ್ಟದ್ದು ಆ ಕಡ್ಡಿಯೇ. ಅಂದಿನಿಂದ ಮಾವ ಬಾಯಿ ಮುಚ್ಚಿಕೊಂಡರು, ಕಣ್ಣನ್ನು ದೊಡ್ಡದಾಗಿ ತೆರೆದುಕೊಂಡರು. ಕದ್ದರೇ ಚಿಗುರುತ್ತದೆ ಎಂದಾದರೆ ಊರೆಲ್ಲ ಕದಿಯಲು ಬರುತ್ತದೆ ತಾನೇ?

ಅವರ ಲೆಕ್ಕದಲ್ಲಿ ಬಂದೇ ಬರುತ್ತಿತ್ತು. ಬೆಳಗಿನ ವಾಕಿಂಗಿಗೆಂದು ಪ್ಲಾಸ್ಟಿಕ್ ಕವರ್ ಹಿಡಿದು ಬರುವವರು ಹೂವಿನ ಕಳ್ಳರು. ಅವರನ್ನು ಕೆಮ್ಮಿ ಓಡಿಸಬಹುದು. ಆದರೆ ಕಡ್ಡಿ ಕಳ್ಳರು ಬೇರೆ ಜಾತಿ. ಅವರು ಕಾಣುತ್ತಿರಲಿಲ್ಲ, ಮುರಿದ ತುದಿ ಮಾತ್ರ ಕಾಣುತ್ತಿತ್ತು. ಮಾವ ವರ್ನಿಯರಿನಲ್ಲಿ ಆ ತುದಿಯನ್ನು ಅಳೆದು, ಇದು ಉಗುರಿನಲ್ಲಿ ಚಿವುಟಿದ್ದು, ಇದು ಹಲ್ಲಿನಲ್ಲಿ ಕಡಿದದ್ದು ಎಂದು ವರದಿ ಒಪ್ಪಿಸುತ್ತಿದ್ದರು. ಕಳ್ಳನನ್ನು ಹಿಡಿಯಲು ಕಡ್ಡಿಯಿಂದ ಕಡ್ಡಿಗೆ ಕೆಂಪು ಹೊಲಿಗೆ ದಾರ ಕಟ್ಟಿದರು. ಬೆಳಿಗ್ಗೆ ದಾರವೆಲ್ಲ ಮಾಯ. ಪತ್ತೇದಾರಿ ಮುಗಿಯುವ ಹೊತ್ತಿಗೆ ಎದುರು ಮನೆಯ ಸಜ್ಜಾದಲ್ಲಿ ಗುಬ್ಬಚ್ಚಿಯೊಂದು ಕೆಂಪು ದಾರದ ಗೂಡು ಕಟ್ಟಿ ಮೊಟ್ಟೆಯಿಟ್ಟಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಿಮ್ಮ ಗಿಡ ಯಾರಿಗೆ ಬೇಕು ಮಾವ, ಗಾಳಿಗೆ ಮುರಿದಿರುತ್ತದೆ ಎಂದು ನಾವೆಲ್ಲ ಸಮಾಧಾನ ಹೇಳುತ್ತಿದ್ದೆವು. ಗಾಳಿಗೆ ಉಗುರು ಇರುತ್ತಾ ಎಂದು ಅವರು ಕೇಳುತ್ತಿದ್ದರು.

ಇಂಟರ್ನೆಟ್ಟಿನವನ ಕಥೆಯನ್ನಂತೂ ಆ ಬೀದಿ ಈಗಲೂ ಹೇಳುತ್ತದೆ. ಕಾಂಪೌಂಡಿಗೆ ತಾಗಿಕೊಂಡೇ ಒಂದು ಕರೆಂಟ್ ಕಂಬ. ಅದರ ಮೇಲೆ ಕೇಬಲ್ಲುಗಳ ದೊಡ್ಡ ಸಿಂಬಿ. ಸೂಜಿಮಲ್ಲಿಗೆ ಹತ್ತಿ ಅದರೊಳಗೆ ಹೊಕ್ಕು, ಕೇಬಲ್ಲು ಯಾವುದು ಕಡ್ಡಿ ಯಾವುದು ಗೊತ್ತಾಗದಂತೆ ಸಂಸಾರ ಹೂಡಿತ್ತು. ಎದುರು ಮನೆಯ ಸಾಫ್ಟ್‌ವೇರ್‌ನವರಿಗೆ ನೆಟ್ ಬರುತ್ತಿಲ್ಲವೆಂದು ಒಬ್ಬ ಏಣಿ ಹಾಕಿದ. ಮಾವ ಕೆಳಗೆ ಕುರ್ಚಿ ಹಾಕಿಕೊಂಡರು. ರಿಪೇರಿ ನೆಪದಲ್ಲಿ ಕಡ್ಡಿ ಹೊಡೆಯೋಕೆ ಬಂದಿದ್ದಾನೆ ಎಂದು ಅವರಿಗೆ ಖಾತ್ರಿ. ಅವನು ಯಾವುದಕ್ಕೆ ಕೈ ಹಾಕಿದರೂ ಅದು ಗಿಡ, ಮುಟ್ಟಬೇಡ ಎನ್ನುತ್ತಿದ್ದರು. ಕೊನೆಗೆ ಅವರೇ ಕನ್ನಡಕ ಏರಿಸಿ, ಇದೊಂದು ಒಣಗಿದೆ, ಬೇಕಾದರೆ ಇದನ್ನು ಕತ್ತರಿಸಿಕೋ ಎಂದು ಅಪ್ಪಣೆ ಕೊಟ್ಟರು. ಅವನು ಕತ್ತರಿಸಿದ. ಇಡೀ ಬೀದಿಯ ನೆಟ್ ಹೋಯಿತು!

ಇಂಥ ಮನುಷ್ಯ ಅನುಮಾನ ಪಡದ ಜೀವ ಈ ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಅತ್ತೆ. ಅವರು ಹಾಕಿದ ಉಪ್ಪಿಗೆ ಮಾವ ರುಚಿ ನೋಡಿದವರಲ್ಲ. ಅವರು ಹೇಳಿದ ಟೈಮಿಗೆ ಗಡಿಯಾರ ನೋಡಿದವರಲ್ಲ. ಆ ಅತ್ತೆ ನಾಲ್ಕು ವರ್ಷದ ಹಿಂದೆ, ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ವಿಚಿತ್ರವೆಂದರೆ, ಅವರು ಹೋದ ಮೇಲೆ ಕಡ್ಡಿ ಕಳ್ಳತನವೂ ನಿಂತಿತು. ನನ್ನ ಕಾವಲು ಈಗ ಬಿಗಿಯಾಗಿದೆ ಎಂದು ಮಾವ ಹೇಳಿಕೊಂಡರು. ಒಂಟಿ ಮನುಷ್ಯ, ಇನ್ನೇನು ಕೆಲಸ ಎಂದು ನಾವು ಸುಮ್ಮನಾದೆವು. ದಿನಾ ಸಾಯಂಕಾಲ ಬೊಗಸೆ ಮೊಗ್ಗು ಬಿಡಿಸಿ, ಅತ್ತೆಯ ಫೋಟೋಕ್ಕೆ ತಾವೇ ಸೊಟ್ಟಸೊಟ್ಟ ಮಾಲೆ ಕಟ್ಟಿ ಹಾಕುತ್ತಿದ್ದರು. ಮಾಲೆಯನ್ನು ಮಾತ್ರ ಅಳೆಯುತ್ತಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ಮೋರಿ ಅಗಲ ಮಾಡುವವರು ಬಂದು ಕಾಂಪೌಂಡಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದು ಹೋದರು. ಗೆರೆಯಿಂದ ಆಚೆಗಿರುವುದೆಲ್ಲ ಹೋಗಬೇಕು. ಗಿಡದ ಬುಡ ಇದ್ದದ್ದು ಆಚೆಗೆ. ಬೇರು ಸಮೇತ ಎತ್ತೋಣವೆಂದರೆ ಅದು ಗೋಡೆಯ ಪಾಯದ ಕಲ್ಲಿನ ಸಂದಿಯಲ್ಲಿ ಹೊಕ್ಕು ಕೂತಿತ್ತು. ಮಾವ ಅವರ ಟೇಪನ್ನು ಅನುಮಾನಿಸಿ ತಾವೇ ಮತ್ತೆ ಅಳೆದರು. ಅಳತೆ ಸರಿಯಾಗಿತ್ತು. ಅವರ ಜೀವಮಾನದಲ್ಲಿ ಅಳತೆ ಸರಿಯಿದ್ದುದಕ್ಕೆ ಮುಖ ಸಣ್ಣದು ಮಾಡಿಕೊಂಡದ್ದು ಅದೇ ಮೊದಲು. ಈ ಗಿಡ ಹೋದರೆ ಅವಳದ್ದು ಅಂತ ಉಸಿರಾಡೋದು ಈ ಮನೆಯಲ್ಲಿ ಇನ್ನೇನೂ ಇರಲ್ಲ ಎಂದು ನನ್ನ ಹತ್ತಿರ ಫೋನಿನಲ್ಲಿ ಹೇಳಿದರು.

ಕಡ್ಡಿ ನೆಟ್ಟರೆ ಆಯಿತಲ್ಲ ಎನ್ನುತ್ತೀರಿ. ನೆಟ್ಟರು! ಸಾಲಾಗಿ ಕುಂಡ ಇಟ್ಟು, ಕೆಂಪು ಮಣ್ಣು, ಗೊಬ್ಬರ, ಮರಳು ತೂಗಿ ಹಾಕಿ ನೆಟ್ಟರು. ಎಲ್ಲವೂ ಒಣಗಿದವು. ಮತ್ತೆ ನೆಟ್ಟರು, ಮತ್ತೆ ಒಣಗಿದವು. ಒಂದು ಭಾನುವಾರ ಬೆಳಿಗ್ಗೆ ಹೋದಾಗ ನನಗೆ ಗುಟ್ಟು ಗೊತ್ತಾಯಿತು. ಮಾವ ಒಂದೊಂದೇ ಕಡ್ಡಿಯನ್ನು ಕುಂಡದಿಂದ ಕಿತ್ತು, ಮಣ್ಣು ಕೊಡವಿ, ಬೇರು ಬಂದಿದೆಯಾ ಎಂದು ವರ್ನಿಯರ್ ಹಿಡಿದು ನೋಡಿ, ವಾಪಸು ಚುಚ್ಚುತ್ತಿದ್ದರು. ದಿನಾ ಹೀಗೇನಾ ಮಾವ ಎಂದೆ. ದಿನಾ ಎಂದರು. ಇನ್ನು ಅದು ಬದುಕುತ್ತದೆಯೇ! ನಾನು ತಲೆ ಚಚ್ಚಿಕೊಂಡು, ಬೇರು ಒಳಗೇ ಬರುತ್ತೆ, ನಂಬಿ ಬಿಟ್ಟುಬಿಡಿ ಎಂದೆ.

"ನೋಡದೆ ಪಾಸ್ ಮಾಡೋದು ಹೆಂಗೇ? ಅದು ನನ್ ಕೈಲಾಗಲ್ಲ ಕಣೇ" ಎಂದರು.

ಕೊನೆಗೆ ಅವರಿಗೆ ಅತ್ತೆಯ ವೇದವಾಕ್ಯವೇ ಗತಿಯಾಯಿತು. ಸ್ವಂತದ್ದು ನೆಟ್ಟರೆ ಬರುತ್ತಿಲ್ಲ, ಯಾರಾದರೂ ಕದ್ದರೇ ಈ ಗಿಡ ಉಳಿಯುವುದು ಎಂದು ತೀರ್ಮಾನಿಸಿ, ಬಂದು ಕದಿ ಎಂದು ನನ್ನನ್ನು ಕರೆದರು. ನಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ ಕದಿಯಲು ಹೋದೆ. ಮಾವ ಬೆನ್ನು ತಿರುಗಿಸಿ ನಿಂತರು. ನಾನು ಕಡ್ಡಿ ಮುರಿದ 'ಚಟ್' ಸದ್ದಿಗೆ ಅಭ್ಯಾಸಬಲದಿಂದ ಗಿರಕ್ಕನೆ ತಿರುಗಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಆಮೇಲೆ ಇಬ್ಬರೂ ಕೂತು ಯೋಚಿಸಿದೆವು. ಹೇಳಿ ಕರೆಸಿ ಕದಿಸಿದರೆ ಅದು ಕಳ್ಳತನ ಹೇಗಾಗುತ್ತದೆ? ನಾಟಕವಾಗುತ್ತದೆ. ಮಾವ ನನ್ನನ್ನು ರಿಜೆಕ್ಟ್ ಮಾಡಿದರು.

ಅಸಲಿ ಕಳ್ಳರೇ ಬೇಕು ಎಂದು ಗೇಟು ತೆರೆದಿಟ್ಟರು. ಕಾಂಪೌಂಡಿನ ಮೇಲೆ ಕತ್ತರಿ ಇಟ್ಟರು. ತಾವು ಒಳಗೆ ಸೇರಿಕೊಂಡು ಕಿಟಕಿಯ ಪರದೆ ಎಳೆದುಕೊಂಡರು. ಇಷ್ಟು ವರ್ಷ ಕೆಮ್ಮಿ ಓಡಿಸಿದ ಮನುಷ್ಯ ಗೇಟು ತೆರೆದು ಕತ್ತರಿ ಇಟ್ಟರೆ ಯಾರು ತಾನೇ ನಂಬುತ್ತಾರೆ? ಕ್ಯಾಮೆರಾ ಹಾಕಿಸಿದ್ದಾರೆ, ಸಿಕ್ಕಿಸಿ ಹಾಕಲು ಕಾದು ಕೂತಿದ್ದಾರೆ ಎಂದು ಬೀದಿಯಲ್ಲಿ ಪುಕಾರು. ವಾಕಿಂಗಿನವರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದರು. ಮಾವ ಪರದೆಯ ಸಂದಿಯಿಂದ ನೋಡುತ್ತಾ, ಒಬ್ಬ ಮರ್ಯಾದಸ್ಥ ಕಳ್ಳನೂ ಇಲ್ಲವಲ್ಲ ಈ ಏರಿಯಾದಲ್ಲಿ ಎಂದು ಹಲುಬುತ್ತಿದ್ದರು. ಮಹಡಿಯ ಮೇಲಿನ ಒಂದು ರೂಮಿನಲ್ಲಿ ಎಷ್ಟೋ ವರ್ಷದಿಂದ ಬಾಡಿಗೆಗಿದ್ದ ಶರಣಮ್ಮ ಮಾತ್ರ ಗೇಟಿನ ಹತ್ತಿರ ಹೋದಳು. ಕೊಪ್ಪಳದ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಟೈಲರ್. ಮಾವ ಉಸಿರು ಬಿಗಿಹಿಡಿದರು. ಅವಳು ಅತ್ತ ಇತ್ತ ನೋಡಿ, ಗೇಟು ಹಾಕಿ, ಕತ್ತರಿಯನ್ನು ತಂದು ಇವರ ಕೈಗೆ ಕೊಟ್ಟು, ಹೊರಗ ಇಟ್ರ ಯಾರರ ಒಯ್ದಾರು ಎಂದು ಬುದ್ಧಿ ಹೇಳಿ ಹೋದಳು.

ಜೆಸಿಬಿ ಬಂತು. ಗೋಡೆಯನ್ನೂ ಗಿಡವನ್ನೂ ಒಟ್ಟಿಗೇ ಎತ್ತಿ ಟಿಪ್ಪರಿಗೆ ಹಾಕಿತು. ಕೇಬಲ್ಲೋ ಕಡ್ಡಿಯೋ, ಕಂಬದ ಮೇಲೊಂದಿಷ್ಟು ಉಳಿದು, ಎರಡು ದಿನಕ್ಕೆ ಅದೂ ಕಪ್ಪಾಯಿತು. ಮಾವ ಜಗಳವಾಡಲಿಲ್ಲ. ನನಗೆ ಭಯವಾದದ್ದು ಆಮೇಲೆ. ಹಾಲಿನ ಪಾಕೆಟ್ಟನ್ನು ಅಲ್ಲಾಡಿಸಿ ನೋಡುವುದು ನಿಂತಿತು. ಪೆನ್ಸಿಲ್ ಗುರುತಿಲ್ಲದ ತೆಂಗಿನಕಾಯಿ ಗುಡಿಗೆ ಹೋಯಿತು. ನನ್ನ ಗಂಡ ಅದೊಂದು ಸಲ ಧೈರ್ಯ ಮಾಡಿ ಬೈಕಿನಲ್ಲಿ ಬಂದರೂ ಮಾವ ಟೈರಿನ ಕಡೆ ಕಣ್ಣೆತ್ತಲಿಲ್ಲ. ಕೊಟ್ಟರೆ ತಿನ್ನುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಅಷ್ಟು ವರ್ಷ ಯಾವುದನ್ನು ನಾವು ಹುಚ್ಚು ಎಂದು ಗೊಣಗಿದ್ದೆವೋ ಅದು ವಾಪಸು ಬರಲಪ್ಪಾ ಎಂದು ನಾನು ಹರಕೆ ಹೊತ್ತೆ.

ಒಂದು ಭಾನುವಾರ ನಾನು ಅಲ್ಲೇ ಇದ್ದಾಗ ಶರಣಮ್ಮ ಮೆಟ್ಟಿಲಿಳಿದು ಬಂದಳು. ಎರಡೂ ಕೈಯಲ್ಲಿ ಹಳೆಯ ಪೇಂಟ್ ಬಕೆಟ್ಟು. ಬಕೆಟ್ಟಿನ ತುಂಬ ಸೂಜಿಮಲ್ಲಿಗೆ, ಮೈತುಂಬ ಮೊಗ್ಗು. ಮಾವನ ಕಾಲ ಬಳಿ ಅದನ್ನು ಇಟ್ಟು, ದೂರ ಸರಿದು ನಿಂತಳು.

"ಸರ, ಇದು ನಿಮ್ಮದ ಗಿಡ. ನಾ ಕದ್ದೀನ್ರಿ" ಎಂದಳು. "ಮ್ಯಾಲ ನೀರಿನ ಟ್ಯಾಂಕಿನ ಹಿಂದ ಇಟ್ಟಿದ್ದೆ. ಮನೀ ಖಾಲಿ ಮಾಡಸ್ತೀರಿ ಅಂತ ಅಂಜಿ ಹೇಳಿದ್ದಿಲ್ಲ."

ಮಂಡಿನೋವಿನ ಮಾವ ಮಹಡಿ ಹತ್ತಿ ಯಾವ ಕಾಲವಾಗಿತ್ತೋ! ಊರೆಲ್ಲ ಹುಡುಕಿದ ಕಳ್ಳಮಾಲು ಅವರ ತಲೆಯ ಮೇಲೇ ಹೂ ಬಿಡುತ್ತಿತ್ತು. ಮಾವನ ಬೆನ್ನು ನೆಟ್ಟಗಾಯಿತು. ಹಳೆಯ ಕಣ್ಣು ವಾಪಸು ಬಂತು. ಯಾವಾಗ ಕದ್ದೆ, ಹೇಗೆ ಕದ್ದೆ, ನಾನು ಎಲ್ಲಿದ್ದೆ ಎಂದು ಒಂದರ ಮೇಲೊಂದು ಕೇಳಿದರು. ನನಗೆ ಒಳಗೊಳಗೇ ಖುಷಿ.

ಶರಣಮ್ಮ ನೆಲ ನೋಡುತ್ತಾ ಹೇಳಿದಳು. "ಅಕ್ಕಾರು ಇದ್ದಾಗರಿ. ಅವರ ಹೇಳಿದ್ರು, ಕೊಟ್ರ ಚಿಗಿಯಂಗಿಲ್ಲ, ಕದ್ದ ಒಯ್ಯಿ ಅಂತ. ಸಂಜೀ ಮುಂದ ನಿಮ್ಮನ್ನ ಒಳಗ ಕರದು, ಕಾಫಿ ಕೊಟ್ಟು, ಮಾತಾಡ್ಸ್ಕೊಂತ ಕುಂದರತಿದ್ರು. ಅಷ್ಟರಾಗ ನಾವು ಮುರಕೊಂಡು ಹೋಗತಿದ್ವಿ. ನಾ ಒಬ್ಬಾಕೀನ ಅಲ್ಲರಿ, ಈ ಓಣ್ಯಾಗ ಭಾಳ ಮಂದಿ ಹಿತ್ತಲದಾಗ ಐತಿ."

ಹಾಗಾದರೆ ಮಾವನ ಅನುಮಾನ ನಿಜವಾಗಿತ್ತು, ಗಾಳಿಗೆ ಉಗುರಿತ್ತು! ನಾನು ನಗಲು ಬಾಯಿ ತೆರೆದವಳು ಮಾವನ ಮುಖ ನೋಡಿ ಮುಚ್ಚಿದೆ. ಆ ಮುಖ ಗೆದ್ದವರ ಮುಖವಾಗಿರಲಿಲ್ಲ. ಈ ಭೂಮಿಯ ಮೇಲೆ ಉಳಿದಿದ್ದ ಒಂದೇ ಒಂದು ನಂಬಿಕೆಯನ್ನು ಯಾರೋ ಕಿತ್ತು ಬೇರು ನೋಡಿದ ಹಾಗಿತ್ತು. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ಈ ಹೆಂಗಸು ಎಂದು ನನಗೆ ಶರಣಮ್ಮನ ಮೇಲೆ ಸಿಟ್ಟು ಬಂತು.

ಮಾವ ಸಣ್ಣ ದನಿಯಲ್ಲಿ ಕೇಳಿದರು.

"ದಿನಾ ಕರೆಯೋಳು. ಬನ್ನಿ, ಕೂತ್ಕೊಳ್ಳಿ, ಇನ್ನೊಂದ್ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅನ್ನೋಳು. ಇದಕ್ಕೇನಾ?"

ಶರಣಮ್ಮ ತಲೆಯೆತ್ತಿದಳು.

"ಕಡ್ಡಿ ಮುರಿಯಾಕ ಎಷ್ಟೊತ್ತು ಬೇಕ್ರಿ ಸರ? ನಾ ಮುರಕೊಂಡು ಮ್ಯಾಲ ಹೋಗಿ, ರೊಟ್ಟಿ ಬಡದು, ಭಾಂಡೆ ತಿಕ್ಕಿ ಮುಗಸತಿದ್ದೆ. ಆಗೂ ಕೆಳಗ ನಿಮ್ಮಿಬ್ಬರ ಮಾತು ನಡದಿರತಿತ್ತು. ಅಕ್ಕಾರು ನಗೂದು ನನಗ ಮ್ಯಾಲ ಕೇಳತಿತ್ತು."

ಮಾವ ಬಗ್ಗಿ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಳನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿದರು.